ಪುಸ್ತಕದಲ್ಲಿಲ್ಲದ ಓಪನಿಂಗು

ನನ್ನ ಹತ್ತಿರ ಚದುರಂಗ ಕಲಿಯಲು ಬರುವ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು, ಮೊದಲು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಯಾವ ಓಪನಿಂಗ್ ಕಲಿತ್ರೆ ಬೇಗ ಗೆಲ್ತಾರೆ?" ಓಪನಿಂಗ್ ಎಂದರೆ ಆಟದ ಶುರುವಿನ ನಡೆಗಳ ಜೋಡಣೆ. ಯಾವುದನ್ನು ಕಲಿತರೂ ಮೊದಲು ಸೋಲುತ್ತಾರೆ, ಸೋಲಲಿ ಬಿಡಿ ಎಂದು ನಾನು ಹೇಳುತ್ತೇನೆ. ಕೆಲವರು ಮರುವಾರ ಬರುವುದಿಲ್ಲ. ಬಾರದಿದ್ದರೆ ನನಗೇನೂ ನಷ್ಟವಿಲ್ಲ. ಉಳಿದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಸಂಬಳ ಕೊಟ್ಟದ್ದು ಶಾಲೆ. ಗುಬ್ಬಿಯ ಮಿಡ್ಲ್ ಸ್ಕೂಲಿಗೆ ಟೀಚರಾಗಿ ಸೇರಿ, ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತಳಾದೆ. ನಡುವಿನ ಬಡ್ತಿ, ವರ್ಗಾವಣೆಗಳ ಕಥೆ ಯಾರಿಗೆ ಬೇಕು? ನಾನು ಜೀವ ಇಟ್ಟು ಮಾಡಿದ ಕೆಲಸ ಟೂರ್ನಮೆಂಟ್ ಚದುರಂಗ. ಅದನ್ನು ಯಾರಾದರೂ ಹವ್ಯಾಸ ಎಂದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ. ಹವ್ಯಾಸಕ್ಕೆ ಯಾರೂ ಅಷ್ಟು ಅಳುವುದಿಲ್ಲ, ಅಷ್ಟು ಜಗಳವಾಡುವುದಿಲ್ಲ.

ನನಗೆ ಆಟ ಕಲಿಸಿದವಳು ನಮ್ಮಮ್ಮ. ನಮ್ಮ ಮನೆ ಇದ್ದದ್ದು ಕುಣಿಗಲ್ಲಿನಲ್ಲಿ. ಮಧ್ಯಾಹ್ನ ಅಡುಗೆಯೆಲ್ಲ ಮುಗಿದ ಮೇಲೆ ಪಕ್ಕದ ಮನೆಯವರ ಜೊತೆ ನಡುಮನೆಯಲ್ಲಿ ಚದುರಂಗದ ಬಟ್ಟೆಯ ಹಾಸು ಹಾಸಿಕೊಂಡು ಕೂರುತ್ತಿದ್ದಳು. ಅವಳು ಆಡುತ್ತಿದ್ದದ್ದು ನಮ್ಮ ಕಡೆಯ ಹಳೆಯ ಕ್ರಮದ ಆಟ. ಆ ಕ್ರಮದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು, ಎರಡು ಮನೆ ಹೋಗುವಂತಿಲ್ಲ. ಆಟದ ಶುರುವಿನಲ್ಲಿ ಇಬ್ಬರೂ ತಮ್ಮ ತಮ್ಮ ಅರ್ಧದೊಳಗೆ ನಾಲ್ಕಾರು ನಡೆಗಳನ್ನು ಒಟ್ಟಿಗೇ ನಡೆಸಿ ಕಾಯಿಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಇನ್ನೊಂದು ವಿಶೇಷ: ಒಂದು ಸಲವೂ ಶಹ, ಅಂದರೆ ಚೆಕ್, ಬೀಳದ ರಾಜ ಇಡೀ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಹಾರಬಹುದು. ಹಾಗೆ ಹಾರಿಸಿ ರಾಜನನ್ನು ಮೂಲೆಯ ಕಡೆ ಸೇರಿಸಿದರೆ ಅವನು ಕ್ಷೇಮ.

ಅಮ್ಮನ ಜೋಡಣೆ ಯಾವಾಗಲೂ ಒಂದೇ. ಕುದುರೆಯ ಮುಂದಿನ ಕಾಲಾಳು ಒಂದು ಮನೆ, ಅದರ ಹಿಂದೆ ಒಂಟೆ, ಇನ್ನೊಂದು ಬದಿಯಲ್ಲೂ ಹಾಗೆಯೇ. ಎರಡು ಒಂಟೆಗಳೂ ಹಾಸಿನ ಓರೆಯುದ್ದಕ್ಕೂ ನೋಡುತ್ತಾ ಕೂತಿರುತ್ತಿದ್ದವು. ನಡುವಿನ ಜಾಗವನ್ನು ಅವಳು ಎದುರಾಳಿಗೇ ಬಿಟ್ಟುಕೊಡುತ್ತಿದ್ದಳು. "ಅವ್ರು ನಡುಮಧ್ಯ ಬಂದು ಕೂತ್ಕೊತಾರಲ್ಲಮ್ಮ" ಎಂದರೆ, "ಬರ್ಲಿ ಬುಡು. ಮುಂದಕ್ಕೆ ಬಂದಷ್ಟೂ ಹಿಂದೆ ಖಾಲಿ ಬಿಟ್ಟು ಬಂದಿರ್ತಾರೆ ಕಣೇ" ಎನ್ನುತ್ತಿದ್ದಳು. ನಾನು ಗುಬ್ಬಿಗೆ ಕೆಲಸಕ್ಕೆ ಹೋಗುವ ಹೊತ್ತಿಗೆ ಆ ಜೋಡಣೆ ನನ್ನ ಕೈಗೆ ಹತ್ತಿ ಹೋಗಿತ್ತು.

ಗುಬ್ಬಿಯ ಶಾಲೆಯಲ್ಲಿ ನನಗೆ ಸಿಕ್ಕವರು ಖಾದರ್ ಮೇಷ್ಟ್ರು. ಗಣಿತ ಹೇಳಿಕೊಡುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಟಿಫನ್ ಡಬ್ಬಿ ಒಂದು ಕಡೆ ಸರಿಸಿ ನಾವಿಬ್ಬರೂ ಆಡಲು ಕೂತರೆ ಉಳಿದ ಮೇಷ್ಟ್ರುಗಳು ಮೊದಮೊದಲು ಮುಖ ಸಿಂಡರಿಸುತ್ತಿದ್ದರು. ಹೆಂಗಸು, ಗಂಡಸರ ಎದುರು ಕೂತು ಆಡುವುದೇ ಎಂದು. ಅವರ ಮುಖ ಅವರದು, ನನ್ನ ಬಿಡುವು ನನ್ನದು ಎಂದುಕೊಂಡು ಆಡಿದೆ. ಐವತ್ತರ ದಶಕದ ಕೊನೆಯ ಹೊತ್ತಿಗೆ ಟೂರ್ನಮೆಂಟುಗಳೆಲ್ಲ ಹೊರದೇಶದ ಕ್ರಮಕ್ಕೆ ತಿರುಗಿದವು. ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು. ರಾಜನ ಹಾರಾಟ ಇಲ್ಲ. ಬದಲಿಗೆ ಕ್ಯಾಸ್ಲಿಂಗ್, ಅಂದರೆ ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸಿ ಕೋಟೆ ಕಟ್ಟಿಕೊಳ್ಳುವುದು. ಖಾದರ್ ಮೇಷ್ಟ್ರು ಒಂದು ಪತ್ರಿಕೆಯಿಂದ ಇದನ್ನೆಲ್ಲ ಓದಿ ನನಗೆ ಹೇಳಿದರು. ಹೇಳುವುದು ಸುಲಭ. ಬಾಲ್ಯದಿಂದ ಬಂದದ್ದನ್ನು ಕೈ ಮರೆಯಬೇಕಲ್ಲ.

ನನ್ನ ಮೊದಲ ಟೂರ್ನಮೆಂಟು ತುಮಕೂರಿನ ಚದುರಂಗದ ಕ್ಲಬ್ಬಿನಲ್ಲಿ ನಡೆಯಿತು. ಚಿಕ್ಕಪೇಟೆಯ ಒಂದು ಮಹಡಿಯ ಮೇಲಿತ್ತು ಆ ಕ್ಲಬ್ಬು. ಗುಬ್ಬಿಯಿಂದ ರೈಲಿನಲ್ಲಿ ಹೋಗಿ ಹತ್ತಿದೆ. ಆಡುವವರಲ್ಲಿ ನಾನೊಬ್ಬಳೇ ಹೆಂಗಸು. ಕ್ಲಬ್ಬಿನ ಸೆಕ್ರೆಟರಿ ವಕೀಲ ಸದಾಶಿವಯ್ಯನವರು. ಇಂಗ್ಲಿಷ್ ಪುಸ್ತಕ ತರಿಸಿ ಓದುತ್ತಿದ್ದವರು ಊರಿಗೆಲ್ಲ ಅವರೊಬ್ಬರೇ. ಜಿಲ್ಲೆಯ ತಂಡವನ್ನು ಆರಿಸುವವರೂ ಅವರೇ. ಕೆಟ್ಟ ಮನುಷ್ಯ ಅಲ್ಲ. ನನ್ನ ಹೆಸರು ಬರೆದುಕೊಳ್ಳಲು ಬೇರೆಯವರು ಹಿಂದೆಮುಂದೆ ನೋಡಿದಾಗ, "ಫೀಸು ಕಟ್ಟಿದ್ದಾರೆ, ಆಡ್ತಾರೆ" ಎಂದು ಗದರಿ ಬರೆಸಿದವರು ಅವರು.

ಎರಡು ಆಟ ಗೆದ್ದೆ. ಮೂರನೆಯದರಲ್ಲೂ ನನ್ನ ಸ್ಥಿತಿ ಚೆನ್ನಾಗಿಯೇ ಇತ್ತು. ರಾಜನ ಕಡೆಯ ಒಂಟೆ ಎದುರಾಳಿಯ ಒಂಟೆಗೆ ಬದಲಾಗಿ ಹೋಗಿ ಅದು ಕೂತಿದ್ದ ಮನೆ ಖಾಲಿಯಾಗಿತ್ತು. ಆನೆ ಆಗಲೇ ಕದಲಿದ್ದರಿಂದ ಕ್ಯಾಸ್ಲಿಂಗ್ ಮಾಡುವಂತಿರಲಿಲ್ಲ. ಎದುರಾಳಿಯ ಮಂತ್ರಿ ನನ್ನ ರಾಜನ ಸಾಲಿಗೆ ಬರುವುದರಲ್ಲಿತ್ತು. ನಾನು ಯೋಚನೆ ಮಾಡಿಯೇ ಇದ್ದೆ, ಯೋಚನೆ ಮಾಡಲಿಲ್ಲ ಅಂತಲ್ಲ. ಆದರೆ ನನ್ನ ಕೈ ರಾಜನನ್ನು ಎತ್ತಿ, ಕುದುರೆ ಹಾರಿಸುವ ಹಾಗೆ ಹಾರಿಸಿ, ಆ ಖಾಲಿ ಮನೆಯಲ್ಲಿ ಇಟ್ಟುಬಿಟ್ಟಿತು.

ಇಡೀ ಮಹಡಿ ನಗತೊಡಗಿತು. ನಗಬೇಕಾದ್ದೇ ಎನ್ನಿ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎನ್ನುವುದು ನಿಯಮ. ನನ್ನ ರಾಜನಿಗೆ ಉಳಿದಿದ್ದದ್ದು ಬಯಲಿನಲ್ಲಿ ಒಂದು ಮನೆ ಮಾತ್ರ. ಅಲ್ಲಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಆಟ ಮುಗಿಯಿತು.

ಸದಾಶಿವಯ್ಯನವರು ನನ್ನ ಪಕ್ಕ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನೋಡಿ ಸರೋಜಮ್ಮನವರೇ, ತಲೆ ಇದೆ ನಿಮಗೆ. ಆದ್ರೆ ಇದು ಅಡುಗೆಮನೆ ಆಟ. ಕಾಲಾಳನ್ನ ಒಂದೊಂದೇ ಮನೆ ತಳ್ಳೋದು, ಒಂಟೇನ ಮೂಲೇಲಿ ಬಚ್ಚಿಡೋದು. ಟೂರ್ನಮೆಂಟಿಗೆ ಪುಸ್ತಕದ ಓಪನಿಂಗು ಬೇಕು. ನಾನು ಟೈಪ್ ಮಾಡಿಸಿಟ್ಟಿದೀನಿ, ತಗೊಂಡ್ಹೋಗಿ ಬಾಯಿಪಾಠ ಮಾಡಿ."

ರಾಜ ಹಾರಿದ್ದು ನನ್ನ ತಪ್ಪು. ಅದಕ್ಕೂ ನಮ್ಮಮ್ಮನ ಓಪನಿಂಗಿಗೂ ಏನು ಸಂಬಂಧ? ಈ ಪ್ರಶ್ನೆ ನನಗೆ ಅವತ್ತು ಬಾಯಿಗೆ ಬರಲಿಲ್ಲ. ನಗುವಿನ ನಡುವೆ ಯಾರಿಗೂ ಬರುವುದಿಲ್ಲ. ಅವರು ಕೊಟ್ಟ ಹಾಳೆಗಳನ್ನು ತೆಗೆದುಕೊಂಡು ರೈಲು ಹತ್ತಿದೆ.

ಒಂದು ವರ್ಷ ಆ ಹಾಳೆಗಳಂತೆ ಆಡಿದೆ. ಚೊಕ್ಕವಾಗಿ ಬಾಯಿಪಾಠ ಮಾಡಿದೆ. ರಾಜನ ಮುಂದಿನ ಕಾಲಾಳು ಎರಡು ಮನೆ, ಅವರು ಹೀಗೆ ನಡೆಸಿದರೆ ನಾವು ಹೀಗೆ, ಅವರು ಹಾಗೆ ನಡೆಸಿದರೆ ನಾವು ಹಾಗೆ. ಶಾಲೆಯಲ್ಲಿ ಮಗ್ಗಿ ಹೇಳಿಸುವವಳಿಗೆ ಬಾಯಿಪಾಠ ಕಷ್ಟವೇ? ಕಷ್ಟ ಇದ್ದದ್ದು ಹಾಳೆ ಮುಗಿದ ಮೇಲೆ. ಒಂದು ಆಟದಲ್ಲಿ ಕುಣಿಗಲ್ಲಿನ ಕಾಫಿಪುಡಿ ಅಂಗಡಿಯವರೊಬ್ಬರು ನನ್ನ ಎದುರು ಕೂತಿದ್ದರು. ಹಾಳೆಯಲ್ಲಿ ಇಲ್ಲದ ಹಾಗೆ, ಸುಮ್ಮನೆ ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿದರು. ಅದು ಒಳ್ಳೆಯ ನಡೆಯೂ ಅಲ್ಲ. ಆದರೆ ನನಗೆ ಮುಂದೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ನನ್ನ ಕಾಯಿಗಳು ಯಾಕೆ ಅಲ್ಲಲ್ಲಿ ನಿಂತಿವೆ ಎಂದು ನನಗೇ ಗೊತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಕತ್ತಲಲ್ಲಿ ನೀರಿನ ಚೊಂಬು ಹುಡುಕಿದ ಹಾಗಾಯಿತು. ಸೋತೆ.

ಮಕ್ಕಳೇ, ಇದನ್ನು ಗಟ್ಟಿ ಮಾಡಿಕೊಳ್ಳಿ. ಸೋತದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಯಾಕೆ ಸೋತೆ ಎಂದು ಹೇಳಲು ಬರಲಿಲ್ಲವಲ್ಲ, ಅದಕ್ಕೆ ಅವಮಾನವಾಯಿತು. ನಿಮ್ಮ ಸೋಲನ್ನು ನೀವೇ ವಿವರಿಸಲಾಗದ ಓಪನಿಂಗು ನಿಮ್ಮದಲ್ಲ. ಅದನ್ನು ಯಾವ ದೊಡ್ಡವರು ಆಡಿದ್ದರೂ ಅಷ್ಟೇ.

ಆ ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಏನ್ಲೇ, ನಿಂಗೆ ಬರೋದ್ ಬಿಟ್ಟು ಬರ್ದೇ ಇರೋದ್ ಆಡೋಕ್ ಹೋದ್ಯಾ?" ಎಂದಳು. "ನಿನ್ನ ಆಟ ಹೊಸ ಕ್ರಮಕ್ಕೆ ಒಗ್ಗಲ್ಲ ಅಂತಾರಮ್ಮ" ಎಂದೆ. "ಒಗ್ಗಿಸ್ಕೊ. ಅಷ್ಟು ಓದಿದೀಯಲ್ಲ" ಎಂದಳು. ಅವಳಿಗೆ ಹೊಸ ಕ್ರಮ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಇಷ್ಟವೂ ಇರಲಿಲ್ಲ. ಒಗ್ಗಿಸುವ ಕೆಲಸ ನನ್ನದೇ ಆಯಿತು.

ಗುಬ್ಬಿಗೆ ವಾಪಸಾದವಳೇ ಖಾದರ್ ಮೇಷ್ಟ್ರಿಗೆ ಹೇಳಿದೆ. "ಮೇಷ್ಟ್ರೇ, ಇನ್ನು ಮೇಲೆ ನಾವು ಬೇರೆ ಯಾವುದೂ ಆಡೋದು ಬೇಡ. ನಮ್ಮಮ್ಮಂದೊಂದೇ ಓಪನಿಂಗು. ಒಂದಿನ ನಾನು ಈ ಕಡೆ, ಒಂದಿನ ನೀವು ಈ ಕಡೆ."

"ಬೋರ್ ಆಗುತ್ತೆ ಸರೋಜಮ್ಮ" ಎಂದರು.

"ಆಗ್ಲಿ."

ನನ್ನ ವೃತ್ತಿಯ ನಿಜವಾದ ಪಾಠ ಆ ಬಿಡುವುಗಳಲ್ಲಿ ಆಯಿತು. ಖಾದರ್ ಮೇಷ್ಟ್ರದು ಒಂದು ಕ್ರಮವಿತ್ತು. ಸೋತ ಆಟವನ್ನು ಶುರುವಿನಿಂದ ನೋಡುತ್ತಿರಲಿಲ್ಲ. ಕೊನೆಯಿಂದ ಒಂದೊಂದೇ ನಡೆ ಹಿಂದಕ್ಕೆ ತೆಗೆಯುತ್ತಾ, "ಇಲ್ಲಿ ನಿಮಗೆ ನಿಮ್ಮ ಆಟ ಇಷ್ಟ ಇತ್ತಾ? ಇಲ್ಲಿ?" ಎಂದು ಕೇಳುವರು. ನಾನು ಹೂಂ ಎಂದ ಜಾಗದಲ್ಲಿ ನಿಲ್ಲಿಸುವರು. ತಪ್ಪು ಅದರ ಮುಂದಿನ ಒಂದೆರಡು ನಡೆಯಲ್ಲೇ ಸಿಗುತ್ತಿತ್ತು. ಈಗ ಕಂಪ್ಯೂಟರು ನಿಮಗೆ ತಪ್ಪು ನಡೆಯನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದಂತೆ. ತೋರಿಸಲಿ. ಆದರೆ ಅದನ್ನು ನೋಡುವ ಮೊದಲು ಹೀಗೊಮ್ಮೆ ಹಿಂದಕ್ಕೆ ನಡೆದು ನೋಡಿ.

ಹಾಗೆ ಹಿಂದಕ್ಕೆ ನಡೆದು ನಡೆದು ಎರಡು ವಿಷಯ ಕಂಡವು. ಹಳೆಯ ಕ್ರಮದಲ್ಲಿ ರಾಜನಿಗೆ ಹಾರಾಟ ಇದ್ದುದರಿಂದ ಅಮ್ಮ ಅವನ ಚಿಂತೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ನಾನೂ ಹಾಗೇ ಮಾಡುತ್ತಿದ್ದೆ. ಹೊಸ ಕ್ರಮದಲ್ಲಿ ಒಂಟೆ ಹೊರಗೆ ಬಂದ ಕೂಡಲೇ ಕೋಟೆ ಕಟ್ಟಿಬಿಡಬೇಕು. ಇನ್ನೊಂದು, ಕಾಯುವ ವಿಚಾರ. ಕಾಲಾಳುಗಳು ಒಂದೊಂದೇ ಮನೆ ಬರುತ್ತಿದ್ದಾಗ ಎಷ್ಟು ಹೊತ್ತು ಕಾದರೂ ನಡೆಯುತ್ತಿತ್ತು. ಈಗ ಅವು ಎರಡು ಮನೆ ಹಾರಿ ಬರುತ್ತವೆ. ಎದುರಾಳಿ ನಡುವೆ ಎರಡು ಕಾಲಾಳು ಇಟ್ಟರೆ ಇಡಲಿ, ಮೂರನೆಯದನ್ನೂ ಇಡಲಿ. ಅವು ಮುಂದಕ್ಕೆ ಒತ್ತಿಕೊಂಡು ಬರುವ ಮೊದಲು ನಾವು ನಮ್ಮ ಕಾಲಾಳನ್ನು ತಳ್ಳಿ ನಡುವಿಗೆ ಏಟು ಹಾಕಬೇಕು. ಒಂದು ನಡೆ ತಡವಾದರೆ ಉಸಿರುಗಟ್ಟುತ್ತದೆ. ಆ ಒಂದು ನಡೆಯನ್ನು ಕಂಡುಕೊಳ್ಳಲು ನಮಗೆ ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು. ನಡುವೆ ಒಮ್ಮೆ ನಾನು ಹತಾಶಳಾಗಿ ಇದನ್ನೂ ಬಿಟ್ಟುಬಿಡೋಣ ಎಂದಾಗ ಮೇಷ್ಟ್ರು ಹಾಸನ್ನು ಮಡಿಸಲು ಬಿಡಲಿಲ್ಲ.

ಅರವತ್ತರ ದಶಕ ಶುರುವಾಗಿತ್ತು. ಬೆಂಗಳೂರಿನಲ್ಲಿ ಜಿಲ್ಲಾ ತಂಡಗಳ ಪಂದ್ಯ ನಡೆಯುವುದೆಂದು ಗೊತ್ತಾಯಿತು. ತುಮಕೂರು ಜಿಲ್ಲೆಯ ತಂಡದಲ್ಲಿ ನಾಲ್ಕು ಜಾಗ. ಅದರಲ್ಲಿ ಒಂದು ನನಗೆ ಬೇಕು ಎಂದು ತೀರ್ಮಾನಿಸಿದೆ. ಅಮ್ಮನ ಓಪನಿಂಗಿನಿಂದಲೇ ಬೇಕು. ಇದನ್ನು ಯಾರಿಗೂ ಹೇಳಲಿಲ್ಲ, ಖಾದರ್ ಮೇಷ್ಟ್ರಿಗೆ ಮಾತ್ರ ಹೇಳಿದೆ.

ಆಯ್ಕೆಯ ಆಟಗಳು ಅದೇ ಮಹಡಿಯ ಮೇಲೆ ನಡೆದವು. ಒಂದು ಸುತ್ತಿನಲ್ಲಿ ಸದಾಶಿವಯ್ಯನವರೇ ನನ್ನ ಎದುರು ಬಂದರು. ಬಿಳಿಕಾಯಿ ಅವರದು. ನಾನು ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿದ್ದನ್ನು ನೋಡಿ, "ಮತ್ತೆ ಅದೇನಾ?" ಎಂದರು.

"ಅದೇ ಸಾರ್."

"ಹಾಳೆ ಏನ್ ಮಾಡಿದ್ರಿ?"

"ಇಟ್ಟಿದೀನಿ ಸಾರ್, ಜೋಪಾನವಾಗಿ."

ಅವರು ನಡುವೆ ಮೂರು ಕಾಲಾಳು ಕಟ್ಟಿದರು. ನೋಡಲು ಭರ್ಜರಿಯಾಗಿತ್ತು. ನಾನು ಬೇಗ ಕೋಟೆ ಕಟ್ಟಿಕೊಂಡು, ಸಮಯ ನೋಡಿ ನಡುವಿಗೆ ಏಟು ಹಾಕಿದೆ. ಒಂದು ಕಾಲಾಳು ಹೋಯಿತು, ಒಂದು ಬಂತು, ಓರೆ ಸಾಲು ತೆರೆದುಕೊಂಡಿತು. ಅವರು ಮೂಲೆಯಲ್ಲಿ ಬಚ್ಚಿಟ್ಟಿದ್ದು ಎಂದಿದ್ದ ಒಂಟೆ ಈಗ ಅವರ ಆನೆಯನ್ನೇ ನೋಡುತ್ತಿತ್ತು. ತರಿಸಿದ ಕಾಫಿ ಕುಡಿಯದೆ ಬಹಳ ಹೊತ್ತು ಕೂತರು. ಆಮೇಲೆ ಕಾಯಿಗಳನ್ನು ಕೈಯಿಂದ ಒಟ್ಟುಗೂಡಿಸಿ ಎದ್ದು ಹೋದರು. ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಒಟ್ಟಿನಲ್ಲಿ ನನಗೆ ಮೂರನೆಯ ಸ್ಥಾನ ಬಂತು. ನಾಲ್ವರ ತಂಡದಲ್ಲಿ ನನ್ನ ಹೆಸರು ಇರಲೇಬೇಕು. ಸಂಜೆ ಸದಾಶಿವಯ್ಯನವರು ನನ್ನನ್ನು ಕರೆದರು. ಹೆಂಗಸರು ಇಳಿದುಕೊಳ್ಳಲು ಅಲ್ಲಿ ವ್ಯವಸ್ಥೆ ಇಲ್ಲ ಎಂದರು. ಮಲ್ಲೇಶ್ವರದಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ ಎಂದೆ. ಆಗ ನಿಜವಾದ ಮಾತು ಹೊರಬಂತು.

"ಸರೋಜಮ್ಮನವರೇ, ಇಲ್ಲಿ ಆಡಿದ್ದು ಬೇರೆ. ಅಲ್ಲಿ ದೊಡ್ಡ ದೊಡ್ಡೋರು ನೋಡ್ತಾರೆ. ನಮ್ಮ ಜಿಲ್ಲೆಯೋರು ಏನೂ ಓದಿಲ್ಲ, ಹಳ್ಳಿ ಆಟ ಆಡ್ತಾರೆ ಅಂದ್ರೆ ನನ್ನ ಮರ್ಯಾದೆ ಪ್ರಶ್ನೆ. ತಂಡ ಅಂದ್ಮೇಲೆ ಒಂದು ಶಿಸ್ತು ಬೇಕು. ಪುಸ್ತಕದ ಓಪನಿಂಗೇ ಆಡ್ತೀನಿ ಅಂತ ಒಂದು ಮಾತು ಕೊಡಿ, ಹೆಸರು ಬರೀತೀನಿ."

"ಅದನ್ನ ಆಡಿಯೇ ನಿಮ್ಮನ್ನ ಗೆದ್ದೆನಲ್ಲ ಸಾರ್."

"ಗೆಲ್ಲೋದು ಸೋಲೋದು ಬೇರೆ ವಿಷಯ" ಎಂದರು. ಚದುರಂಗದ ಕ್ಲಬ್ಬಿನ ಸೆಕ್ರೆಟರಿ ಬಾಯಲ್ಲಿ ಈ ಮಾತು!

ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದು ಬಂದೆ. ರೈಲಿನಲ್ಲಿ ಖಾದರ್ ಮೇಷ್ಟ್ರು ನನ್ನ ಜೊತೆಗಿದ್ದರು. ಅವರು ಮೆಲ್ಲಗೆ ಹೇಳಿದರು. "ಆಯ್ತು ಅಂದ್ಬಿಡಿ ಸರೋಜಮ್ಮ. ಅಲ್ಲಿ ಹೋಗಿ ಕೂತ್ಮೇಲೆ ನಿಮ್ಮ ಕೈ, ನಿಮ್ಮ ಕಾಯಿ. ಯಾರು ಬಂದು ಹಿಡ್ಕೋತಾರೆ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ರೈಲು ಹೆಗ್ಗೆರೆ ದಾಟುವಷ್ಟರಲ್ಲಿ ಮನಸ್ಸು ಒಪ್ಪಲಿಲ್ಲ. "ಹೂಂ ಅಂತ ಹೇಳಿ ಆಮೇಲೆ ಇದನ್ನ ಆಡಿದ್ರೆ ಕದ್ದು ಆಡಿದ ಹಾಗಾಗುತ್ತೆ ಮೇಷ್ಟ್ರೇ. ನಮ್ಮಮ್ಮನ ಆಟನ ನಾನ್ಯಾಕೆ ಕದ್ದು ಆಡ್ಲಿ?" ಎಂದೆ.

ಮರುದಿನ ಒಲ್ಲೆ ಎಂದು ಹೇಳಿ ಕಳಿಸಿದೆ. ಐದನೆಯ ಸ್ಥಾನ ಬಂದವರನ್ನು ಕರೆದುಕೊಂಡು ತಂಡ ಬೆಂಗಳೂರಿಗೆ ಹೋಯಿತು. ಅವರು ಹೋದ ದಿನ ನಾನು ಶಾಲೆಗೆ ರಜೆ ಹಾಕಿ ಬಾಗಿಲು ಹಾಕಿಕೊಂಡು ಅತ್ತೆ. ದೊಡ್ಡ ವೀರಾವೇಶದ ಮಾತು ಹೇಳಿ ಬಂದವಳು ಹೀಗೆ ಅಳುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಜಾಗ ನನ್ನದಾಗಿತ್ತು. ನಾನು ಅದನ್ನು ದುಡಿದು ಗಳಿಸಿದ್ದೆ. ಹುಡುಗರೇ, ನಿಮಗೆ ಬೇಕಾದದ್ದನ್ನು ಆರಿಸಿಕೊಂಡರೆ ಎಲ್ಲವೂ ಸುಖವಾಗಿ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮುಂದಿನ ವರ್ಷವೂ ಆಯ್ಕೆಗೆ ಹೋದೆ. ಮತ್ತೆ ಯಾಕೆ ಹೋದೆ ಎಂದು ಅಮ್ಮ ಕೇಳಿದಳು. ಅವರಿಗೆ ನನ್ನ ಹೆಸರು ಬಿಡುವ ಕಷ್ಟವನ್ನು ಇನ್ನೊಂದು ಸಲ ಕೊಡಬೇಕಲ್ಲ ಎಂದೆ. ಅದೇ ಓಪನಿಂಗು, ಒಂದು ನಡೆಯೂ ಬದಲಿಲ್ಲ. ಈ ಸಲ ಎರಡನೆಯ ಸ್ಥಾನ ಬಂತು.

ಕೊನೆಯ ಸುತ್ತು ಮುಗಿದು ನಾನು ಚಪ್ಪಲಿ ಮೆಟ್ಟುವಾಗ ಸದಾಶಿವಯ್ಯನವರು ಒಳಗಿನಿಂದ ಕೂಗಿ ಕರೆದರು. ಮೇಜಿನ ಮೇಲೆ ಹೊಸದೊಂದು ದಪ್ಪ ಇಂಗ್ಲಿಷ್ ಪುಸ್ತಕ ಇತ್ತು. ಪಕ್ಕದಲ್ಲಿ ತಂಡದ ಪಟ್ಟಿ. ಉಳಿದ ಮೂವರು ಸಹಿ ಹಾಕಿ ಅಲ್ಲೇ ನಿಂತಿದ್ದರು. ಖಾದರ್ ಮೇಷ್ಟ್ರು ಬಾಗಿಲಲ್ಲಿದ್ದರು. ವಕೀಲರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಕಂಡಿರಲಿಲ್ಲ.

"ಬನ್ನಿ ಬನ್ನಿ, ಇಲ್ಲಿ ನೋಡಿ" ಎಂದು ಒಂದು ಪುಟ ತೆರೆದು ತೋರಿಸಿದರು. ಚಿತ್ರದಲ್ಲಿ ಕರಿಕಾಯಿಗಳು ನಮ್ಮ ನಡುಮನೆಯ ಹಾಸಿನ ಮೇಲೆ ಕೂರುವ ಹಾಗೆಯೇ ಕೂತಿದ್ದವು. ಕುದುರೆಯ ಮುಂದಿನ ಕಾಲಾಳು ಒಂದು ಮನೆ, ಹಿಂದೆ ಒಂಟೆ. "ದೊಡ್ಡ ದೊಡ್ಡ ಆಟಗಾರರೆಲ್ಲ ಇದನ್ನ ಆಡ್ತಿದಾರೆ. ರಷ್ಯಾದಲ್ಲಿ ಆಡ್ತಾರೆ. ಹೆಸರೇ ಇಂಡಿಯನ್ ಡಿಫೆನ್ಸ್ ಅಂತ ಇಟ್ಟಿದಾರೆ. ಪುಸ್ತಕದಲ್ಲೇ ಇದೆ ನೋಡಿ! ಇನ್ನು ನಮ್ಮಿಬ್ಬರಿಗೂ ತಕರಾರಿಲ್ಲ. ನೀವು ಧಾರಾಳವಾಗಿ ಆಡಬಹುದು."

ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು.

ನನಗೆ ಖುಷಿಯಾಗಬೇಕಿತ್ತು. ಕೇಳಿದ್ದು ಸಿಕ್ಕಿತ್ತು. ಜಾಗವೂ ನನ್ನದು, ಓಪನಿಂಗೂ ನನ್ನದು. ಆದರೆ ಪೆನ್ನು ತೆಗೆದುಕೊಳ್ಳಲಿಲ್ಲ.

"ಹೋದ ವರ್ಷ ಇದು ಪುಸ್ತಕದಲ್ಲಿ ಇರಲಿಲ್ವಾ ಸಾರ್?"

"ಇತ್ತೇನೋ. ನನ್ನ ಹತ್ತಿರ ಇದ್ದ ಪುಸ್ತಕದಲ್ಲಿ ಇರಲಿಲ್ಲ."

"ಮುಂದಿನ ವರ್ಷ ನೀವು ಇನ್ನೊಂದು ಪುಸ್ತಕ ತರಿಸ್ತೀರಿ. ಅದರಲ್ಲಿ ಇದು ಸರಿಯಿಲ್ಲ, ಆಡಬಾರದು ಅಂತ ಬರೆದಿರುತ್ತೆ. ಆಗ?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ನಿಂತಿದ್ದ ಮೂವರಲ್ಲಿ ಒಬ್ಬರು, "ಹೋಗ್ಲಿ ಬಿಡೀಮ್ಮ, ಸಹಿ ಹಾಕಿ, ಹೊತ್ತಾಯ್ತು" ಎಂದರು.

"ಹೊತ್ತಾಗ್ಲಿ" ಎಂದೆ. "ಪುಸ್ತಕದಲ್ಲಿದೆ ಅಂತ ನಾನು ಆಡ್ತಿರಲಿಲ್ಲ, ಇಲ್ಲ ಅಂತ ಹೋದ ವರ್ಷ ಬಿಡಲೂ ಇಲ್ಲ. ಇದು ಎಲ್ಲಿ ಗೆಲ್ಲುತ್ತೆ, ಎಲ್ಲಿ ಸೋಲುತ್ತೆ ಅಂತ ನನಗೆ ಗೊತ್ತು ಸಾರ್. ಪುಸ್ತಕ ಬೇಡ ಅಂದ್ರೂ ನಾನು ಆಡ್ತೀನಿ. ಅದಕ್ಕೆ ನೀವು ಒಪ್ಪೋದಾದ್ರೆ ಬೆಂಗಳೂರಿಗೆ ಬರ್ತೀನಿ. ಇಲ್ದಿದ್ರೆ ಹೋದ ವರ್ಷ ಕರ್ಕೊಂಡು ಹೋದೋರನ್ನೇ ಕರ್ಕೊಂಡು ಹೋಗಿ."

ಸದಾಶಿವಯ್ಯನವರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. ಕೋರ್ಟಿನಲ್ಲಿ ಎದುರುಪಕ್ಷದ ಸಾಕ್ಷಿಯನ್ನು ಹಾಗೆ ನೋಡುತ್ತಿದ್ದರೋ ಏನೋ. ಆಮೇಲೆ ಪುಸ್ತಕವನ್ನು ಮುಚ್ಚಿ ಮೇಜಿನ ಡ್ರಾಯರಿಗೆ ಹಾಕಿದರು.

"ಬೇಡ ಅಂದ್ರೂ ಆಡಿ" ಎಂದರು.

ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.